ನೂರಕ್ಕೆ 35 ಯಾರ ಜೇಬಿಗೆ?

ಬಂಗಾರಪೇಟೆಯ ಕಡೆಯಿಂದ ಬೆಳಗಿನ ರೈಲು ಹತ್ತಿ, ಕೃಷ್ಣರಾಜಪುರದಲ್ಲೋ ದಂಡಿನ ಸ್ಟೇಷನ್ನಿನಲ್ಲೋ ಇಳಿದು, ಡಾಕ್ಟರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಶಿವಾಜಿನಗರ, ಹಲಸೂರು, ಇಂದಿರಾನಗರಗಳಲ್ಲಿ ಸ್ಕ್ಯಾನಿಂಗ್ ಕೇಂದ್ರ ಹುಡುಕುವ ನಮ್ಮ ಜನ ಎಷ್ಟು ಮಂದಿ! ಆ ಚೀಟಿಯಲ್ಲಿ ಎಂ.ಆರ್.ಐ. ಮಾಡಿಸಬೇಕೆಂದು ಇರುತ್ತದೆ. ಎಷ್ಟೋ ವೇಳೆ, ಎಲ್ಲಿ ಮಾಡಿಸಬೇಕೆಂಬುದೂ ಇರುತ್ತದೆ. ಮೊದಲನೆಯದು ವೈದ್ಯಶಾಸ್ತ್ರ. ಎರಡನೆಯದು ಯಾವ ಶಾಸ್ತ್ರ?

ಇದಕ್ಕೆ ಉತ್ತರ ಕೊಟ್ಟದ್ದು ನಮ್ಮ ಪಕ್ಷವಲ್ಲ, ಕೇಂದ್ರ ಸರ್ಕಾರದ ಆದಾಯ ತೆರಿಗೆ ಇಲಾಖೆ. ಬೆಂಗಳೂರಿನ 5 ರೋಗಪತ್ತೆ ಕೇಂದ್ರಗಳನ್ನೂ 2 ಬಂಜೆತನ ಚಿಕಿತ್ಸಾಲಯಗಳನ್ನೂ ಶೋಧಿಸಿ, 2017ರ ಡಿಸೆಂಬರ್ ಆರಂಭದಲ್ಲಿ ಅದು ಪ್ರಕಟಿಸಿದ್ದೇನೆಂದರೆ: ರೋಗಿಯನ್ನು ಕಳಿಸಿಕೊಟ್ಟ ಡಾಕ್ಟರಿಗೆ ಎಂ.ಆರ್.ಐ.ಗಾದರೆ ನೂರಕ್ಕೆ 35, ಸಿ.ಟಿ. ಸ್ಕ್ಯಾನಿಗೂ ಲ್ಯಾಬ್ ಪರೀಕ್ಷೆಗೂ ನೂರಕ್ಕೆ 20 ಕಮಿಷನ್! ಕೆಲವರಿಗೆ ಲಕೋಟೆಯಲ್ಲಿ ನಗದು. ಲೆಕ್ಕದ ಪುಸ್ತಕದಲ್ಲಿ ಅದರ ಹೆಸರು ಮಾರುಕಟ್ಟೆ ವೆಚ್ಚ. ಬಿಲ್ಲು 6,000 ರೂಪಾಯಿ ಆದರೆ 2,100 ರೂಪಾಯಿ ಯಂತ್ರಕ್ಕೂ ಅಲ್ಲ, ಅದನ್ನು ನಡೆಸುವವನಿಗೂ ಅಲ್ಲ. ಮಂಡಿಯ ದಲ್ಲಾಳಿ ಕಮಿಷನ್ ಮುರಿದುಕೊಂಡರೆ ಪಟ್ಟಿಯಲ್ಲಾದರೂ ಕಾಣುತ್ತದೆ. ಇಲ್ಲಿ ಅದೂ ಇಲ್ಲ.

ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ಕಮಿಷನ್ ಪಡೆಯಕೂಡದೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ. ಪ್ರಾಮಾಣಿಕ ವೈದ್ಯರು ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಅದೇ 2017ರ ನವೆಂಬರಿನಲ್ಲಿ ಏನಾಯಿತು ನೆನಪಿದೆಯೆ? ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ಮಸೂದೆ ಬಂದೊಡನೆ ರಾಜ್ಯದ ಖಾಸಗಿ ವೈದ್ಯರು ಬಾಗಿಲು ಹಾಕಿ ಕುಳಿತರು. ಗಿರಣಿಯವರು ಮುಷ್ಕರ ಹೂಡಿದರೆ ಲಾಠಿ, ಇವರು ಹೂಡಿದರೆ ಸಂಧಾನ! ಮಸೂದೆ ಹಲ್ಲು ಕಳೆದುಕೊಂಡು ಬೆಳಗಾವಿಯಲ್ಲಿ ಪಾಸಾಯಿತು.

ಈ ವ್ಯಾಪಾರಕ್ಕೆ ಬಂಡವಾಳ ನಮ್ಮ ಅಜ್ಞಾನ. ಸೊಂಟನೋವಿನ ಗಿರಣಿ ಬಂಧುವೊಬ್ಬರ ಜೊತೆ ಒಂದು ಕೇಂದ್ರಕ್ಕೆ ಹೋಗಿದ್ದೆ. ಹಣ ಕಟ್ಟಿಸಿಕೊಂಡ ಮೇಲೆ ಅವರಿಗೆ ಹೇಳಿದ್ದು ಒಂದೇ ಮಾತು: "ಅಲ್ಲಾಡಬೇಡಿ." ಒಳಗಿನ ಸದ್ದಿಗೆ ಬೆದರಿ ಅವರು ಎದ್ದುಬಂದರು. ಮಗ್ಗದ ಸದ್ದಿನಲ್ಲಿ 20 ವರ್ಷ ದುಡಿದ ಮನುಷ್ಯ! ಅವರು ಹೆದರಿದ್ದು ಸದ್ದಿಗಲ್ಲ, ಅದು ಏಕೆಂದು ಯಾರೂ ಹೇಳದಿದ್ದುದಕ್ಕೆ.

ಅವರು ಹೇಳದಿದ್ದುದನ್ನು ನಾನು ಹೇಳುತ್ತೇನೆ. ಇದು ಎಕ್ಸ್‌ರೇ ಅಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ದೇಹದೊಳಗಿನ ಚಿತ್ರ ತೆಗೆಯುವ ಯಂತ್ರ. ಕೊಳವೆಯಂಥ ಯಂತ್ರದೊಳಗೆ ಹಲಗೆಯ ಮೇಲೆ ಮಲಗಿಸುತ್ತಾರೆ. 20 ನಿಮಿಷದಿಂದ ಒಂದು ಗಂಟೆಯವರೆಗೆ ಹಿಡಿಯಬಹುದು. ತಂತಿಸುರುಳಿಗಳಲ್ಲಿ ವಿದ್ಯುತ್ತು ಹೊರಳಾಡಿ ಅವು ಅದುರುವುದರಿಂದ ಆ ಬಡಿತದ ಸದ್ದು. ಕಿವಿಗೆ ಮುಚ್ಚಳ ಕೊಡಬೇಕು. ಕೈಗೆ ಒಂದು ರಬ್ಬರ್ ಚೆಂಡು ಕೊಡಬೇಕು, ಅದನ್ನು ಅದುಮಿದರೆ ಹೊರಗಿನವರಿಗೆ ಕರೆ ಹೋಗುತ್ತದೆ. ಕೊಡದಿದ್ದರೆ ಕೇಳಿ. ನೋವೇನೂ ಆಗುವುದಿಲ್ಲ. ಕೆಲವರಿಗೆ ನರಕ್ಕೆ ಬಣ್ಣದ ಮದ್ದು ಚುಚ್ಚುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ, ಹೆಂಗಸರು ಬಸುರಿಯಾಗಿದ್ದರೆ, ಮೊದಲೇ ಹೇಳಬೇಕು.

1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು 30,000 ಪಟ್ಟು. ಸ್ಕ್ಯಾನ್ ಮುಗಿದರೂ ಆ ಸೆಳೆತ ನಿಲ್ಲುವುದಿಲ್ಲ. ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ 2018ರ ಜನವರಿಯಲ್ಲಿ, ರೋಗಿಯ ಜೊತೆ ಬಂದಿದ್ದ ಯುವಕನೊಬ್ಬ ಆಮ್ಲಜನಕದ ಸಿಲಿಂಡರು ಹಿಡಿದು ಒಳಹೋಗಿ, ಯಂತ್ರದ ಸೆಳೆತಕ್ಕೆ ಸಿಕ್ಕಿ ಸತ್ತ. ಆದ್ದರಿಂದ ಬಳೆ, ತಾಳಿ, ಪಿನ್ನು, ಕೀಲಿ, ಮೊಬೈಲು ಎಲ್ಲ ಹೊರಗೆ. ಎದೆಯಲ್ಲಿ ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್ಪು, ಮೂಳೆಯಲ್ಲಿ ಕಬ್ಬಿಣದ ಪಟ್ಟಿ ಇದ್ದರೆ ಮುಚ್ಚಿಡಬೇಡಿ.

ಲೇತು, ಸಾಣೆ, ಬೆಸುಗೆ ಕೆಲಸದ ಬಂಧುಗಳಿಗೆ ಇನ್ನೊಂದು ಮಾತು: ಎಂದಾದರೂ ಕಣ್ಣಿಗೆ ಲೋಹದ ಚೂರು ಸಿಡಿದಿತ್ತೆ? ಹೇಳಿ, ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯಬೇಕಾದೀತು. ಒಳಗುಳಿದ ಚೂರು ಕದಲಿದರೆ ದೃಷ್ಟಿಯೇ ಹೋದೀತು. ಈ ಪ್ರಶ್ನೆ ಕೇಳಲು ಬಿಡುವಿಲ್ಲದವರಿಗೆ ಕಮಿಷನ್ ಎಣಿಸಲು ಮಾತ್ರ ಬಿಡುವಿದೆಯೆ?

ಚೀಟಿಯಲ್ಲಿ ಯಾವ ಕೇಂದ್ರದ ಹೆಸರಿದ್ದರೂ ಅಲ್ಲಿಗೇ ಹೋಗಬೇಕೆಂಬ ಕಾನೂನಿಲ್ಲ. ಎರಡು ಕಡೆ ದರ ಕೇಳಿ. ದರಪಟ್ಟಿ ತೂಗುಹಾಕುವುದು ಅವರ ಕರ್ತವ್ಯ. ರಸೀದಿ, ವರದಿ, ಚಿತ್ರ ಮೂರನ್ನೂ ಕೇಳಿ ಪಡೆಯಿರಿ. 2019ರ ಜುಲೈಯಿಂದ ಕಾರ್ಮಿಕನ ಸಂಬಳದಲ್ಲಿ ಇ.ಎಸ್.ಐ.ಗೆ ನೂರಕ್ಕೆ 0.75 ಮುರಿಯುತ್ತಾರೆ, ಮಾಲೀಕರು 3.25 ಕಟ್ಟುತ್ತಾರೆ. ಆ ಕಾರ್ಡುಳ್ಳವರು ಕೈಯಿಂದ ಹಣ ತೆತ್ತು ಸ್ಕ್ಯಾನ್ ಮಾಡಿಸುವ ಮೊದಲು ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ಕೇಳಬೇಕು.

ಸಣ್ಣ ವ್ಯಾಪಾರಿಗೆ ಆ ಕಾರ್ಡೂ ಇಲ್ಲ. ಅವನ ಪಾಲಿಗೆ ಉಳಿದದ್ದು ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗಳಂಥ ಸರ್ಕಾರಿ ಬಾಗಿಲುಗಳು. ಅಂಥ ಆಸ್ಪತ್ರೆಗಳಲ್ಲಿ ಯಂತ್ರ ಇಲ್ಲದ ಕಡೆ ತರಿಸಲಿ, ಇದ್ದ ಕಡೆ ಹಗಲೂ ರಾತ್ರಿಯೂ ಓಡಿಸಲಿ, ಅದನ್ನು ನಡೆಸುವವರಿಗೆ ಕಾಯಂ ನೌಕರಿ ಕೊಡಲಿ. ಗುತ್ತಿಗೆದಾರನಿಗೆ ವಹಿಸಿ ಕೈತೊಳೆದುಕೊಳ್ಳುವುದಾದರೆ, ಆ ಗುತ್ತಿಗೆಯ ಕಾಗದವನ್ನು ಆಸ್ಪತ್ರೆಯ ಬಾಗಿಲಿಗೇ ಅಂಟಿಸಲಿ, ನಾವೂ ಓದುತ್ತೇವೆ.