ಪರದೆಯ ಮೇಲಿನ ಗಾಲ್ಫ್ ಮೈದಾನಕ್ಕೂ ನಿಜವಾದ ನೆಲ ಬೇಕು

ಗಾಲ್ಫ್ ಮೈದಾನ ಕಟ್ಟುವುದಕ್ಕೆ ಈಗ ನೂರೈವತ್ತು ಎಕರೆ ಜಮೀನೂ ಬೇಡ, ಬುಲ್ಡೋಜರೂ ಬೇಡ. 2014ರಲ್ಲಿ ಬಂದ ‘ದಿ ಗಾಲ್ಫ್ ಕ್ಲಬ್’ ಎಂಬ ಕಂಪ್ಯೂಟರ್ ಆಟ ಮೈದಾನ ರೂಪಿಸುವ ಸಲಕರಣೆಯನ್ನು ಆಡುವವರ ಕೈಗೇ ಕೊಟ್ಟಿತು. ಅದಕ್ಕೂ ಮುಂಚಿನ ‘ಲಿಂಕ್ಸ್’ ಸರಣಿಯ ಆಟಗಳಲ್ಲೂ ಅಂಥ ಅನುಕೂಲ ಇತ್ತು. ಈಗ ಕೋಣೆಯೊಳಗೆ ಪರದೆಯ ಮುಂದೆ ನಿಂತು ನಿಜವಾದ ಚೆಂಡನ್ನೇ ಹೊಡೆಯುವ ಸಿಮ್ಯುಲೇಟರ್‌ಗಳು ಬಂದಿವೆ. ಅವುಗಳಿಗಾಗಿ ಮೈದಾನ ರೂಪಿಸುವ ಹವ್ಯಾಸಿಗಳ ಬಳಗ ಹಲವು ದೇಶಗಳಲ್ಲಿ ಬೆಳೆದಿದೆ. ಮೌಸ್ ಎಳೆದರೆ ಗುಡ್ಡ ಏಳುತ್ತದೆ, ಇನ್ನೊಮ್ಮೆ ಎಳೆದರೆ ಕೆರೆ ತುಂಬುತ್ತದೆ. ಖರ್ಚಿಲ್ಲ, ಯಾರ ಪರವಾನಗಿಯೂ ಬೇಕಿಲ್ಲ. ಇಷ್ಟು ಸ್ವಾತಂತ್ರ್ಯ ಇದ್ದೂ ಹೀಗೆ ಹುಟ್ಟುವ ಎಷ್ಟೋ ಮೈದಾನಗಳು ಒಂದರಂತೆ ಇನ್ನೊಂದು ಕಾಣುತ್ತವೆ: ಜಲಪಾತ, ಕಡಿದಾದ ಬಂಡೆ, ನೀರಿನ ನಡುವೆ ದ್ವೀಪದಂಥ ಗ್ರೀನ್ (ಗುಳಿಯ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ). ಆ ಸ್ವಾತಂತ್ರ್ಯವೇ ಇದಕ್ಕೆ ಕಾರಣ ಎಂಬುದು ನನ್ನ ವಾದ. ಪರದೆಯ ಮೇಲಿನ ಮೈದಾನವೂ ಈ ಭೂಮಿಯ ಮೇಲೆ ಎಲ್ಲೋ ಇರುವ, ಅಳೆದು ದಾಖಲಿಸಿದ ನೆಲದಿಂದಲೇ ಶುರುವಾಗಬೇಕು. ವಿನ್ಯಾಸಕ ಆ ನೆಲವನ್ನು ಆದಷ್ಟು ಕಡಿಮೆ ಮುಟ್ಟಬೇಕು.

ಗಾಲ್ಫ್ ಬೆಳೆದದ್ದೇ ಯಾರೂ ವಿನ್ಯಾಸ ಮಾಡದ ನೆಲದಲ್ಲಿ. ಸ್ಕಾಟ್ಲೆಂಡಿನ ಕರಾವಳಿಯಲ್ಲಿ ಸಮುದ್ರಕ್ಕೂ ಹೊಲಗಳಿಗೂ ನಡುವೆ ಉಳಿದ ಮರಳು ಪಟ್ಟಿಗೆ ಲಿಂಕ್ಸ್ ಎನ್ನುತ್ತಾರೆ. ಉತ್ತು ಬಿತ್ತಲು ಬಾರದ ನೆಲ ಅದು. ಗಾಳಿ ಕೂಡಿಹಾಕಿದ ದಿಬ್ಬಗಳು, ಮಳೆನೀರನ್ನು ಬೇಗ ಇಂಗಿಸಿಕೊಳ್ಳುವ ಮರಳು, ಕುರಿಗಳು ಮೇದು ಗಿಡ್ಡವಾಗಿಟ್ಟ ಹುಲ್ಲು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ರೂಪುಗೊಂಡದ್ದು ಇಂಥ ಕಡೆ. 1764ರಲ್ಲಿ ಅಲ್ಲಿ ಒಂದು ಸುತ್ತಿನ ಹೋಲ್‌ಗಳನ್ನು (ಮೊದಲ ಹೊಡೆತದ ಜಾಗವಾದ ಟೀಯಿಂದ ಗುಳಿಯವರೆಗಿನ ಒಂದೊಂದು ಹಂತ) 22ರಿಂದ 18ಕ್ಕೆ ಇಳಿಸಿದರು; ಜಗತ್ತೆಲ್ಲ ಒಪ್ಪಿದ 18ರ ಲೆಕ್ಕ ಬಂದದ್ದು ಅಲ್ಲಿಂದ. ಮುಂದೆ ಮನುಷ್ಯರ ಕೈಯೂ ಅಲ್ಲಿ ಆಡಿದೆ, ನಿಜ. ಆದರೆ ಚೆಂಡು ಎತ್ತ ಉರುಳಬೇಕು ಎಂಬುದನ್ನು ಇಂದಿಗೂ ತೀರ್ಮಾನಿಸುವುದು ಆ ಮರಳಿನ ಮೂಲ ಏರಿಳಿತವೇ. ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನದ ವಿನ್ಯಾಸದಲ್ಲಿ ಆಟಗಾರ ಬಾಬಿ ಜೋನ್ಸ್ ಜೊತೆ ಕೈಜೋಡಿಸಿದ ಅಲಿಸ್ಟರ್ ಮೆಕೆಂಝಿ ಓಲ್ಡ್ ಕೋರ್ಸನ್ನು ಅಂಗುಲ ಅಂಗುಲ ಗಮನಿಸಿ ಬರೆದ ನಕ್ಷೆ 1924ರದು. ವೈದ್ಯನಾಗಿದ್ದ ಆತ ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದ ಮರೆಯನ್ನು ಬಳಸಿಕೊಳ್ಳುವುದನ್ನು ಕಂಡವನು. ಮನುಷ್ಯ ಎಬ್ಬಿಸಿದ ದಿಬ್ಬವೂ ಮೊದಲಿನಿಂದ ಅಲ್ಲೇ ಇದ್ದದ್ದು ಎನ್ನಿಸಬೇಕು ಎಂಬ ತತ್ವ ಆತನಿಗೆ ಹೊಳೆದದ್ದು ಅಲ್ಲಿ.

ಅಮೆರಿಕದ ನೆಬ್ರಾಸ್ಕದಲ್ಲಿ 1995ರಲ್ಲಿ ತೆರೆದ ಸ್ಯಾಂಡ್ ಹಿಲ್ಸ್ ಮೈದಾನ ನನ್ನ ವಾದಕ್ಕೆ ಇನ್ನೂ ಹತ್ತಿರದ ಸಾಕ್ಷಿ. ಅದರ ವಿನ್ಯಾಸಕರಾದ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಅಲ್ಲಿನ ಹುಲ್ಲು ಹೊದ್ದ ಮರಳು ಗುಡ್ಡಗಳಲ್ಲಿ ಅಲೆದು ನೂರಕ್ಕೂ ಹೆಚ್ಚು ಹೋಲ್‌ಗಳ ಸಾಧ್ಯತೆಯನ್ನು ಗುರುತಿಸಿದರು. ಅವುಗಳಲ್ಲಿ ಒಂದರ ಹಿಂದೆ ಒಂದು ಸರಿಯಾಗಿ ಕೂಡಿಬರುವ 18ನ್ನು ಆರಿಸಿದರು. ಕೆಲವೇ ಸಾವಿರ ಘನ ಗಜ ಮಣ್ಣು ಜರುಗಿಸಿ ಮೈದಾನ ಮುಗಿಸಿದರು. ಅವರ ಕೆಲಸದ ಬಹುಪಾಲು ಆಯ್ಕೆಯಲ್ಲೇ ಇತ್ತು. ಆಯ್ಕೆ ಮಾಡಬೇಕಾದರೆ ನಮ್ಮ ಇಷ್ಟಕ್ಕೆ ಬಗ್ಗದ ಏನೋ ಒಂದು ಎದುರಿಗಿರಬೇಕು. ಖಾಲಿ ಸಪಾಟು ಪರದೆಯಲ್ಲಿ ಅದಿಲ್ಲ. ಅಲ್ಲಿ ವಿನ್ಯಾಸಕನ ತಲೆಯಲ್ಲಿ ಮೊದಲೇ ಇರುವ ಚಿತ್ರಗಳೇ ಮತ್ತೆ ಮತ್ತೆ ಹೊರಬರುತ್ತವೆ. ಗ್ರೀನ್ ಇಡಬೇಕೆಂದುಕೊಂಡ ಕಡೆ ಹಳ್ಳವೊಂದು ಅಡ್ಡ ಬಂದಾಗ, ಏರಿನ ಆಚೆ ಏನಿದೆ ಎಂದು ಆಟಗಾರನಿಗೆ ಕಾಣದೆ ಹೋದಾಗ, ಒಂದು ಹೋಲ್ ಮುಗಿದ ಜಾಗದಿಂದ ಮುಂದಿನದಕ್ಕೆ ದಾರಿ ಸಿಗದಾಗ ಮಾತ್ರ ಯಾರೂ ಯೋಚಿಸದ ಪರಿಹಾರ ಹುಟ್ಟುತ್ತದೆ.

ನೆಲದ ರೂಪಕ್ಕೆ ಒಂದು ಚರಿತ್ರೆಯೂ ಇರುತ್ತದೆ. ನೀರು ಸಾವಿರಾರು ವರ್ಷ ಹರಿದು ಕೊರೆದ ಕಣಿವೆಯಲ್ಲಿ ಪ್ರತಿ ಇಳಿಜಾರೂ ಕೆಳಗಿನ ಹಳ್ಳದ ಕಡೆ ಮುಖ ಮಾಡಿರುತ್ತದೆ. ಹಾಗಾಗಿ ಒಂದನೇ ಹೋಲ್‌ನಲ್ಲಿ ಚೆಂಡಿನ ಓಟ ಗಮನಿಸಿದವನು ಒಂಬತ್ತನೆಯದರಲ್ಲಿ ಅದನ್ನು ಊಹಿಸಬಲ್ಲ. ಕೈಯಿಂದ ಎಬ್ಬಿಸಿದ ಉಬ್ಬುಗಳಿಗೆ ಇಂಥ ಪರಸ್ಪರ ಸಂಬಂಧ ಇರುವುದಿಲ್ಲ. ಪರದೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಅಗಸ್ಟಾದ ಹತ್ತನೇ ಹೋಲ್ ಟೀಯಿಂದ ಗ್ರೀನ್‌ಗೆ ಸುಮಾರು 30 ಮೀಟರ್ ಇಳಿಯುತ್ತದೆ, ಟಿ.ವಿ. ನೋಡುವವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಚಪ್ಪಟೆಯಾಗಿ ಕಾಣುವುದನ್ನು ಸರಿಪಡಿಸಲು ಹೋಗಿ ವಿನ್ಯಾಸಕ ಎತ್ತರವನ್ನು ಇಮ್ಮಡಿ ಮಾಡುತ್ತಾನೆ. ಆಗ ಚಿತ್ರ ಚೆನ್ನಾಗುತ್ತದೆ, ಆಟ ಕೆಡುತ್ತದೆ. ವೇಗದ ಗ್ರೀನ್ ಮೇಲೆ ಚೆಂಡು ನಿಲ್ಲಬೇಕಾದರೆ ಗುಳಿಯ ಸುತ್ತಲಿನ ಇಳಿಜಾರು ಶೇ 3ರ ಆಸುಪಾಸಿನಲ್ಲೇ ಇರಬೇಕು, ಅಂದರೆ 10 ಮೀಟರಿಗೆ 30 ಸೆಂಟಿಮೀಟರ್. ಇಷ್ಟು ಸಣ್ಣ ವ್ಯತ್ಯಾಸ ಪರದೆಯ ಮೇಲೆ ಕಣ್ಣಿಗೆ ಬೀಳುವಂಥದ್ದಲ್ಲ. ಅಳತೆಯನ್ನೇ ನಂಬಬೇಕು.

ಆ ಅಳತೆ ಈಗ ಕೈಗೆಟುಕುವಂತಿದೆ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ, ಅದು ಮರಳಿ ಬರುವ ಹೊತ್ತಿನಿಂದ ನೆಲದ ಎತ್ತರ ಲೆಕ್ಕ ಹಾಕುವ ಲೈಡಾರ್ ಸಮೀಕ್ಷೆಯ ದತ್ತಾಂಶವನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಇಂಗ್ಲೆಂಡಿನ ಪರಿಸರ ಸಂಸ್ಥೆಯೂ ಕೊಡುತ್ತದೆ. ಕಿರಣಗಳಲ್ಲಿ ಕೆಲವು ಮರದ ಎಲೆಗಳ ಸಂದಿಯಿಂದ ನುಸುಳಿ ಮಣ್ಣು ಮುಟ್ಟುವುದರಿಂದ, ಮರ ಕಟ್ಟಡಗಳನ್ನು ಕಳೆದು ಬರಿಯ ನೆಲವನ್ನು ಬೇರ್ಪಡಿಸಬಹುದು. ಮೀಟರಿಗೊಂದು ಎತ್ತರದ ಅಂಕಿ ಇರುವ ಆ ಜಾಲವನ್ನು ಯೂನಿಟಿಯಂಥ ಗೇಮ್ ಎಂಜಿನ್‌ಗೆ ಕೊಟ್ಟರೆ ನೆಲ ಪರದೆಯ ಮೇಲೆ ಏಳುತ್ತದೆ. ಜಿಎಸ್‌ಪ್ರೊ ಸಿಮ್ಯುಲೇಟರ್‌ಗೆ ಮೈದಾನ ಮಾಡುವವರ ದಾರಿ ಇದೇ. ಇದು ಹಳೆಯ ಕಸುಬಿನ ಮುಂದುವರಿಕೆ. ಸುಮಾರು 400 ಮೈದಾನಗಳ ವಿನ್ಯಾಸಕ ಎನಿಸಿಕೊಂಡ ಡೊನಾಲ್ಡ್ ರಾಸ್ ಎಷ್ಟೋ ಜಾಗಗಳನ್ನು ಕಣ್ಣಾರೆ ನೋಡದೆ ಸಮೋನ್ನತಿ ರೇಖೆಗಳ ನಕ್ಷೆಯಿಂದಲೇ ವಿನ್ಯಾಸ ಮಾಡಿದ್ದ.

ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿದ್ದ ಲಿಡೊ ಮೈದಾನವನ್ನು ತೋರಿಸಿ ಯಾರಾದರೂ ಆಕ್ಷೇಪ ಎತ್ತಬಹುದು. ಸಿ.ಬಿ. ಮ್ಯಾಕ್‌ಡೊನಾಲ್ಡ್ ಅದನ್ನು ಕಟ್ಟಿದ್ದು ಜೌಗಿನ ಮೇಲೆ, ಸುಮಾರು 20 ಲಕ್ಷ ಘನ ಗಜ ಮರಳು ತುಂಬಿಸಿ. 1917ರಲ್ಲಿ ತೆರೆದ ಅದು ಜಗತ್ತಿನ ಶ್ರೇಷ್ಠ ಮೈದಾನಗಳಲ್ಲಿ ಒಂದೆನಿಸಿತ್ತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವಶಕ್ಕೆ ಹೋಗಿ ಅಳಿಯಿತು. ಪೀಟರ್ ಫ್ಲೋರಿ ಎಂಬ ಹವ್ಯಾಸಿ ಹಳೆಯ ಛಾಯಾಚಿತ್ರಗಳನ್ನು ಕೂಡಿಸಿ ಅದನ್ನು ಕಂಪ್ಯೂಟರ್ ಆಟದೊಳಗೆ ಮರಳಿ ಕಟ್ಟಿದರು. ಆ ಮಾದರಿಯ ಅಂಕಿಗಳೇ ಜಿಪಿಎಸ್ ಬುಲ್ಡೋಜರ್‌ಗಳಿಗೆ ದಾರಿ ತೋರಿಸಿ, ವಿನ್ಯಾಸಕ ಟಾಮ್ ಡೋಕ್ ನೇತೃತ್ವದಲ್ಲಿ ವಿಸ್ಕಾನ್ಸಿನ್‌ನಲ್ಲಿ 2023ರಲ್ಲಿ ಲಿಡೊ ಮತ್ತೆ ತೆರೆಯಿತು. ಪೂರ್ತಿ ಕೃತಕ ನೆಲವೂ ಶ್ರೇಷ್ಠವಾಗಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ; ಅದನ್ನು ಒಪ್ಪುತ್ತೇನೆ. ಆದರೆ ಮ್ಯಾಕ್‌ಡೊನಾಲ್ಡ್‌ನ ಹೋಲ್‌ಗಳ ಮೂಲ ಹುಡುಕಿದರೆ ತಲುಪುವುದು ಬ್ರಿಟನ್ನಿನ ಸಹಜ ನೆಲಕ್ಕೇ: ನಾರ್ತ್ ಬರಿಕ್‌ನ ರೆಡಾನ್, ಪ್ರೆಸ್ಟ್‌ವಿಕ್‌ನ ಆಲ್ಪ್ಸ್, ಸೇಂಟ್ ಆಂಡ್ರೂಸ್‌ನ ಈಡನ್ ಎಂಬ ಹೋಲ್‌ಗಳಿಗೆ. ಫ್ಲೋರಿಯವರ ಕೈಯೂ ಸ್ವತಂತ್ರವಾಗಿರಲಿಲ್ಲ. ಛಾಯಾಚಿತ್ರದ ನೆರಳು ಹೇಳಿದಷ್ಟೇ ಎತ್ತರವನ್ನು ಅವರು ಕೊಡಬೇಕಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಗಾಲ್ಫ್ ಉಳ್ಳವರ ಆಟ, ನೆಲವನ್ನೂ ನೀರನ್ನೂ ನುಂಗುವ ಆಟ. ಅದರ ಚಿತ್ರಕ್ಕೆ ಇಷ್ಟು ಕಾಳಜಿ ಯಾಕೆ? ನನ್ನ ಕಾಳಜಿ ಇರುವುದು ಆ ನುಂಗುವಿಕೆಯ ಬಗ್ಗೆಯೇ. ಅಬರ್ಡೀನ್ ಬಳಿಯ ಫೋವರನ್ ಲಿಂಕ್ಸ್‌ನ ಚಲಿಸುವ ಮರಳು ದಿಬ್ಬಗಳು ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ರಕ್ಷಣೆ ಪಡೆದಿದ್ದವು. ಅದರ ಒಂದು ಭಾಗದಲ್ಲಿ ಗಾಲ್ಫ್ ಮೈದಾನ ಬಂತು, ದಿಬ್ಬಗಳನ್ನು ಹುಲ್ಲು ಹಾಕಿ ನಿಲ್ಲಿಸಲಾಯಿತು. ವಿಶೇಷ ಗುಣವೇ ನಾಶವಾಗಿದೆ ಎಂದು 2020ರಲ್ಲಿ ಆ ಮಾನ್ಯತೆಯನ್ನು ತೆಗೆದುಹಾಕಿದರು. ಅದೇ ದಿಬ್ಬಗಳ ಮೇಲೆ ಪರದೆಯಲ್ಲಿ ಆಡಿದ್ದರೆ ಒಂದು ಹಿಡಿ ಮರಳೂ ಕದಲುತ್ತಿರಲಿಲ್ಲ. ಹಾಗೆಯೇ ನಮ್ಮ ಕುದುರೆಮುಖದ ಹುಲ್ಲುಗಾವಲಿನ ಮೇಲೆ ಗಾಲ್ಫ್ ಮೈದಾನ ಎಂದೂ ಬರಕೂಡದು; ಅದರ ಏರಿಳಿತದ ಮೇಲೆ ಪರದೆಯಲ್ಲಿ ಒಂದು ಮೈದಾನ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಅದಕ್ಕೆ ಬೇಕಾದ ದತ್ತಾಂಶವೇ ನಮ್ಮಲ್ಲಿ ಸಾಲದು. ಕಾರ್ಟೊಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ಮಾಡಿದ ಎತ್ತರದ ಮಾಹಿತಿ ಇಸ್ರೊದ ‘ಭುವನ್’ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ 30 ಮೀಟರಿಗೊಂದು ಅಂಕಿ. ಒಂದು ಗ್ರೀನ್‌ನ ಅಗಲವೇ ಹೆಚ್ಚುಕಡಿಮೆ ಅಷ್ಟು. ಯಾವ ಹೋಲ್ ಯಾವ ದಿಕ್ಕಿಗೆ ಎಂದು ನಿರ್ಧರಿಸಲು ಇದು ಸಾಕು, ಗ್ರೀನ್ ರೂಪಿಸಲು ಸಾಲದು. ಬಯಲಿನಲ್ಲಿ 25 ಸೆಂಟಿಮೀಟರ್, ಗುಡ್ಡಗಾಡಿನಲ್ಲಿ 1ರಿಂದ 3 ಮೀಟರ್ ನಿಖರತೆಯ ಮಾದರಿಯನ್ನು 2030ರೊಳಗೆ ಸಿದ್ಧಪಡಿಸುವ ಗುರಿಯನ್ನು 2022ರ ರಾಷ್ಟ್ರೀಯ ಭೂ ಪ್ರಾದೇಶಿಕ ನೀತಿ ಇಟ್ಟುಕೊಂಡಿದೆ. ಪ್ರವಾಹದ ಮುನ್ಸೂಚನೆಗೂ ರಸ್ತೆ, ಕಾಲುವೆಗಳ ಯೋಜನೆಗೂ ಬೇಕಾದ ಮಾಹಿತಿ ಅದು. ಸಿದ್ಧವಾದಾಗ ಭಾರತೀಯ ಸರ್ವೇಕ್ಷಣಾ ಇಲಾಖೆ ಅದನ್ನು ಶುಲ್ಕವಿಲ್ಲದೆ ಎಲ್ಲರಿಗೂ ತೆರೆದಿಡಬೇಕು. ಅಲ್ಲಿಯವರೆಗೆ ಬೆಂಗಳೂರಿನ ಗೇಮ್ ವಿನ್ಯಾಸಕರು ಭುವನ್‌ನಿಂದ ಒಂದು ತುಣುಕು ನೆಲ ಇಳಿಸಿಕೊಳ್ಳಲಿ, ಎತ್ತರವನ್ನು ಹಿಗ್ಗಿಸದೆ ಅದರ ಮೇಲೆ 18 ಹೋಲ್‌ಗಳನ್ನು ಹುಡುಕಲಿ.