ಉಳುಕಿದ ಕಾಲು, ನಾಲ್ಕು ಹೆಜ್ಜೆ

ಮಕ್ಕಳ ವೈದ್ಯರಾದ ನನ್ನ ಗೆಳೆಯರೊಬ್ಬರು ಗೋಕರ್ಣದ ಕಡಲತೀರದಲ್ಲಿ ವಾಲಿಬಾಲ್ ಆಡುತ್ತಿದ್ದಾಗ, ಮೇಲಕ್ಕೆ ಜಿಗಿದು ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲಿಟ್ಟು ಉಳುಕಿಸಿಕೊಂಡರು. ನೋಡನೋಡುತ್ತಿದ್ದಂತೆ ಹೊರಗಿಣ್ಣಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಊತ ಎದ್ದಿತು. ಜೊತೆಯವರೊಬ್ಬರು ಆಗಲೇ ಕಾರಿನ ಕೀಲಿ ಹಿಡಿದಿದ್ದರು. "ಡಾಕ್ಟ್ರೇ, ಸುಮ್ನೆ ಬನ್ನಿ, ಕುಮಟಾಕ್ಕೆ ಹೋಗಿ ಒಂದು ಎಕ್ಸ್‌ರೇ ತೆಗೆಸ್ಕೊಂಡು ಬರೋಣ" ಎಂದರು. ಡಾಕ್ಟರು ಕದಲಲಿಲ್ಲ. ಮರಳಿನಲ್ಲೇ ಕೂತು ತಮ್ಮ ಪಾದವನ್ನು ಹೆಬ್ಬೆರಳಿನಿಂದ ಅಲ್ಲಲ್ಲಿ ಒತ್ತಿ ನೋಡಿಕೊಂಡರು. ಆಮೇಲೆ ಯಾರ ಹೆಗಲನ್ನೂ ಹಿಡಿಯದೆ ಕುಂಟುತ್ತ ನಾಲ್ಕು ಹೆಜ್ಜೆ ಹಾಕಿ, ಮೂಳೆ ಮುರಿದಿಲ್ಲ, ರೂಮಿಗೆ ಹೋಗೋಣ ಎಂದರು.

ನೋಡಿದವರಿಗೆ ಇದು ಹಟದಂತೆ ಕಂಡಿತು. ಆದರೆ ಅವರು ಮಾಡಿದ್ದು ಹಲವು ದೇಶಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಮೂರು ದಶಕಗಳಿಂದ ಬಳಕೆಯಲ್ಲಿರುವ ಒಂದು ಪರೀಕ್ಷೆ. ಅದಕ್ಕೆ ಯಂತ್ರ ಬೇಕಿಲ್ಲ. ಕಲಿಸಿದರೆ ವೈದ್ಯರಲ್ಲದವರಿಗೂ ಅರ್ಥವಾಗುತ್ತದೆ. ಕಾಲು ಉಳುಕಿದಾಗ ನಮ್ಮ ಗಮನವೆಲ್ಲ ಎಕ್ಸ್‌ರೇ ಮೇಲೆ, ಹೆಚ್ಚೆಂದರೆ ಸ್ಕ್ಯಾನ್ ಮೇಲೆ ಇರುತ್ತದೆ. ಕಾಲು ಮೊದಲಿನಂತಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ಹತ್ತು ನಿಮಿಷದ ಕೈಪರೀಕ್ಷೆ ಮತ್ತು ಆಮೇಲಿನ ಆರು ವಾರಗಳ ಮೇಲೆ ನಿಂತಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಕೀಲಿನ ರಚನೆ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿವೆ: ಒಳಗಡೆಯದು ದಪ್ಪ, ಹೊರಗಡೆಯದು ಸಪೂರ. ಇವೆರಡರ ಕೆಳತುದಿಗಳು ಪಾದದ ಒಂದು ಮೂಳೆಯನ್ನು ಇಕ್ಕಳದಂತೆ ಎರಡೂ ಬದಿಯಿಂದ ಹಿಡಿದುಕೊಂಡಿರುತ್ತವೆ. ನಮ್ಮ ಕೈಗೆ ಸಿಗುವ ಒಳಗಿಣ್ಣು, ಹೊರಗಿಣ್ಣು ಎಂದರೆ ಈ ತುದಿಗಳೇ. ಮುಟ್ಟಿ ನೋಡಿಕೊಂಡರೆ ಹೊರಗಿಣ್ಣು ಒಳಗಿಣ್ಣಿಗಿಂತ ಕೆಳಗೆ ಇಳಿದಿರುವುದು ತಿಳಿಯುತ್ತದೆ. ಹಾಗಾಗಿ ಪಾದ ಹೊರಕ್ಕೆ ಹೊರಳಲು ಆ ಮೂಳೆ ಅಡ್ಡ ನಿಲ್ಲುತ್ತದೆ, ಒಳಕ್ಕೆ ಹೊರಳಲು ಅಷ್ಟು ಅಡ್ಡಿಯಿಲ್ಲ. ಸಾಲದ್ದಕ್ಕೆ ಮೂಳೆಗಳನ್ನು ಬಿಗಿದಿಡುವ ಒಳಬದಿಯ ಲಿಗಮೆಂಟ್ ಅಗಲವಾಗಿ ಹರಡಿಕೊಂಡಿರುವ ಗಟ್ಟಿ ಪಟ್ಟಿ. ಹೊರಬದಿಯಲ್ಲಿರುವುದು ಬಿಡಿಬಿಡಿಯಾದ ಮೂರು ಎಳೆಗಳು. ಹೀಗಾಗಿ ಉಳುಕಿದ ಕಾಲುಗಳಲ್ಲಿ ಬಹುತೇಕ ಒಳಕ್ಕೆ ಹೊರಳಿದವೇ ಆಗಿರುತ್ತವೆ, ನೋಯುವುದು ಹೊರಬದಿ, ಮೊದಲು ಹರಿಯುವುದು ಆ ಮೂರು ಎಳೆಗಳಲ್ಲಿ ಮುಂದುಗಡೆಯದು. ಬೀಳುವಾಗ 'ಟಪ್' ಎಂದು ಸದ್ದು ಕೇಳಿತು ಎಂದು ಹೆದರುವವರಿದ್ದಾರೆ. ಲಿಗಮೆಂಟ್ ಹರಿದಾಗಲೂ ಸದ್ದು ಬರಬಹುದು. ಊತ ಎಷ್ಟು ದೊಡ್ಡದು ಎಂಬುದರಿಂದಲೂ ಮೂಳೆಯ ಸ್ಥಿತಿ ತಿಳಿಯುವುದಿಲ್ಲ.

ಹಾಗಾದರೆ ಯಾವುದರಿಂದ ತಿಳಿಯುತ್ತದೆ? ಕೆನಡಾದ ಒಟ್ಟಾವಾದಲ್ಲಿ ತುರ್ತು ಚಿಕಿತ್ಸಾ ವೈದ್ಯ ಇಯಾನ್ ಸ್ಟೀಲ್ ಮತ್ತು ಅವರ ಸಹೋದ್ಯೋಗಿಗಳು ಹಿಡಿದದ್ದು ಇದೇ ಪ್ರಶ್ನೆಯನ್ನು. ಆಗ ಉಳುಕಿದ ಕಾಲು ಹಿಡಿದು ಬಂದ ಬಹುತೇಕ ಎಲ್ಲರಿಗೂ ಎಕ್ಸ್‌ರೇ ತೆಗೆಯುತ್ತಿದ್ದರು, ಅವರಲ್ಲಿ ನಿಜಕ್ಕೂ ಮೂಳೆ ಮುರಿದಿರುತ್ತಿದ್ದವರು ಶೇ 15ಕ್ಕಿಂತ ಕಡಿಮೆ. 1992ರಲ್ಲಿ ಅವರು ಪ್ರಕಟಿಸಿದ ನಿಯಮಗಳಿಗೆ ಒಟ್ಟಾವಾ ನಿಯಮಗಳೆಂದೇ ಹೆಸರಾಯಿತು. ಒತ್ತಿ ನೋಡಬೇಕಾದ ಜಾಗಗಳು ನಾಲ್ಕು. ಹೊರಗಿಣ್ಣಿನ ತುದಿ ಮತ್ತು ಅಲ್ಲಿಂದ ಮೇಲಕ್ಕೆ ಆ ಮೂಳೆಯ ಹಿಂಬದಿಯ ಅಂಚಿನ 6 ಸೆಂಟಿಮೀಟರ್, ಒಳಗಿಣ್ಣಿನಲ್ಲೂ ಹಾಗೆಯೇ, ಪಾದದ ಹೊರ ಅಂಚಿನ ನಡುಭಾಗದಲ್ಲಿ ಕಿರುಬೆರಳಿನ ಉದ್ದಮೂಳೆ ಶುರುವಾಗುವ ಉಬ್ಬು, ಪಾದದ ಒಳಬದಿಯಲ್ಲಿ ಒಳಗಿಣ್ಣಿನ ಮುಂದೆ, ಸ್ವಲ್ಪ ಕೆಳಗೆ ಸಿಗುವ ಉಬ್ಬು. ಇವುಗಳಲ್ಲಿ ಯಾವುದನ್ನೇ ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲಾಗದೆ, ಆಮೇಲೆ ಪರೀಕ್ಷೆಯ ಹೊತ್ತಿಗೂ ಇಡಲಾಗದಿದ್ದರೂ ಬೇಕು. ಕುಂಟಿದರೆ ತೊಂದರೆಯಿಲ್ಲ, ಅದೂ ಹೆಜ್ಜೆಯೇ. ಇವ್ಯಾವುವೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊರಗಿಣ್ಣಿನ ಮುಂದಿರುವ ಮೆತ್ತನೆಯ ಜಾಗವನ್ನು ಒತ್ತಿದರೆ ಉಳುಕಿದ ಕಾಲು ನೋಯದೆ ಇರುವುದಿಲ್ಲ, ಅಲ್ಲೇ ತಾನೆ ಲಿಗಮೆಂಟ್ ಹರಿದಿರುವುದು. ಒತ್ತಬೇಕಾದದ್ದು ಮೂಳೆಯ ಹಿಂಬದಿಯನ್ನು. ಈ ಒಂದು ವ್ಯತ್ಯಾಸ ಗೊತ್ತಿಲ್ಲದವರು ಎಲ್ಲಿ ಮುಟ್ಟಿದರೂ ನೋವು ಎಂದುಕೊಂಡು ಗಾಬರಿಯಾಗುತ್ತಾರೆ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 27 ಅಧ್ಯಯನಗಳ, 15,000ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ಬಂತು. ಮುರಿದ ಮೂಳೆ ಈ ನಿಯಮಗಳ ಕಣ್ಣು ತಪ್ಪಿಸಿಕೊಳ್ಳುವುದು ತೀರಾ ಅಪರೂಪ, ಬೇಡದ ಎಕ್ಸ್‌ರೇಗಳು ಶೇ 30ರಿಂದ 40ರಷ್ಟು ಕಡಿಮೆಯಾಗಬಲ್ಲವು ಎಂದು ಅದು ಹೇಳಿತು. ಮಾತು ತಿರುಗಿಸಿ ಹೇಳಲಾಗದು: ನಿಯಮದ ಪ್ರಕಾರ ಎಕ್ಸ್‌ರೇ ಬೇಕು ಎಂದಾದರೆ ಮೂಳೆ ಮುರಿದೇಹೋಗಿದೆ ಎಂದು ಅರ್ಥವಲ್ಲ. ಹಾಗೆ ಹೋದವರಲ್ಲೂ ಹೆಚ್ಚಿನವರ ಮೂಳೆ ಸರಿಯಾಗಿಯೇ ಇರುತ್ತದೆ.

ನಿಯಮ ಎಲ್ಲರಿಗೂ ಅನ್ವಯಿಸುವುದಿಲ್ಲ. ಬಹಳ ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿರುವವರು, ಎಲ್ಲಿ ನೋವು ಎಂದು ಹೇಳಲಾರದ ಪುಟ್ಟ ಮಕ್ಕಳು, ಬೇರೆಲ್ಲೋ ಇನ್ನೂ ದೊಡ್ಡ ಪೆಟ್ಟಾಗಿ ಕಾಲಿನ ಕಡೆ ಲಕ್ಷ್ಯವಿಲ್ಲದವರು, ಮತ್ತು ಕುಡಿದವರು: ಇವರ 'ನೋವಿಲ್ಲ' ಎಂಬ ಉತ್ತರವನ್ನು ನಂಬುವಂತಿಲ್ಲ. ಕಡಲತೀರದ ಪ್ರವಾಸದಲ್ಲಿ ಈ ಕೊನೆಯ ಗುಂಪಿನವರಿಗೇನೂ ಬರವಿಲ್ಲ. ಪಾದ ಸೊಟ್ಟಗೆ ತಿರುಗಿದ್ದರೆ, ಚರ್ಮ ಹರಿದಿದ್ದರೆ, ಬೆರಳುಗಳು ತಣ್ಣಗಾಗಿದ್ದರೆ ಅಥವಾ ಜೋಮು ಹಿಡಿದಿದ್ದರೆ ಯಾವ ನಿಯಮವನ್ನೂ ನೋಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ಗೆಳೆಯರಂತೆ ವೈದ್ಯರು ತಮ್ಮನ್ನು ತಾವೇ ನೋಡಿಕೊಳ್ಳುವುದು ಎಷ್ಟು ಸರಿ? ಅಮೆರಿಕದ ವೈದ್ಯರ ಸಂಘದ ನೀತಿಸಂಹಿತೆ ಸಾಮಾನ್ಯವಾಗಿ ಇದು ಬೇಡ ಎನ್ನುತ್ತದೆ. ತುರ್ತು ಸಂದರ್ಭಕ್ಕೆ, ಬೇಗ ಮುಗಿಯುವ ಸಣ್ಣಪುಟ್ಟ ತೊಂದರೆಗೆ ಮಾತ್ರ ವಿನಾಯಿತಿ. ಈ ಗೆರೆ ಎಲ್ಲಿದೆ ಎಂದು ತೋರಿಸುವ ಹಳೆಯ ಪ್ರಸಂಗವೊಂದಿದೆ. 1756ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಓಲ್ಡ್ ಕೆಂಟ್ ರೋಡಿನಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಯಾರಿಗೂ ತಮ್ಮನ್ನು ಎತ್ತಲು ಬಿಡದೆ ಅವರು ನೆಲದ ಮೇಲೇ ಮಲಗಿದ್ದರು. ಪಲ್ಲಕ್ಕಿ ಹೊರುವವರನ್ನು ಕರೆಸಿ, ಒಂದು ಬಾಗಿಲನ್ನು ಕೊಂಡುಕೊಂಡು, ಅದಕ್ಕೆ ಪಲ್ಲಕ್ಕಿಯ ಕೋಲುಗಳನ್ನು ಮೊಳೆ ಹೊಡೆಸಿ, ಅದರ ಮೇಲೆ ಮಲಗಿಯೇ ಮನೆ ಸೇರಿದರು. ಕುಲುಕಾಡುವ ಗಾಡಿಯಲ್ಲಿ ಹೋಗಿದ್ದರೆ ಗಾಯ ಏನಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಕಾಲು ಕತ್ತರಿಸುವ ತೀರ್ಮಾನವಾಗಿ ಸಲಕರಣೆಗಳೂ ಸಿದ್ಧವಾಗಿದ್ದಾಗ, ಅದನ್ನು ಉಳಿಸಬಹುದು ಎಂದವರು ಅವರ ಗುರು ಎಡ್ವರ್ಡ್ ನೌರ್ಸ್. ಕಾಲು ಉಳಿಯಿತು. ಪ್ರಥಮ ಚಿಕಿತ್ಸೆಯನ್ನು ಪಾಟ್ ತಾವೇ ಮಾಡಿಕೊಂಡರು, ತೀರ್ಪು ಮಾತ್ರ ಇನ್ನೊಬ್ಬರದು.

ನಮ್ಮಲ್ಲಿ ಕಾಲು ಉಳುಕಿದರೆ ಮೊದಲು ಬರುವ ಸಲಹೆ ಎಣ್ಣೆ ಹಚ್ಚಿ ನೀವುವುದು, ಎಳೆದು ಉಳುಕು ತೆಗೆಸುವುದು. ಪುತ್ತೂರು ಕಟ್ಟು ಹಾಕಿಸಿಕೊಳ್ಳಿ ಎನ್ನುವವರೂ ಇದ್ದಾರೆ. ಉಳುಕು ತೆಗೆಯುವವರ ಕೈಗುಣವನ್ನು ನಾನು ಹೀಗಳೆಯುವುದಿಲ್ಲ, ಬಹಳಷ್ಟು ಉಳುಕುಗಳು ಯಾರು ಏನು ಮಾಡಿದರೂ ವಾಸಿಯಾಗುವಂಥವೇ. ಆದರೆ ಮೊದಲ ಎರಡು ಮೂರು ದಿನ ಒಳಗೆ ಸಣ್ಣ ರಕ್ತನಾಳಗಳು ಹರಿದು ರಕ್ತ ಒಸರುತ್ತಿರುತ್ತದೆ. ಆಗ ಬಲವಾಗಿ ನೀವಿದರೆ ಊತ ಹೆಚ್ಚುತ್ತದೆ, ಹರಿದ ಎಳೆ ಇನ್ನಷ್ಟು ಹರಿಯುತ್ತದೆ. ಗೊತ್ತಿಲ್ಲದೆ ಮೂಳೆ ಬಿರುಕು ಬಿಟ್ಟಿದ್ದರಂತೂ ಎಳೆತದಿಂದ ಅದು ಜಾಗ ಬಿಟ್ಟು ಸರಿಯಬಹುದು. ಬಿಸಿನೀರಿನ ಶಾಖವೂ ಆ ದಿನಗಳಿಗಲ್ಲ.

ಐಸ್ ವಿಚಾರದಲ್ಲಿ ವೈದ್ಯಲೋಕವೇ ಮಾತು ಬದಲಿಸಿದೆ. ವಿಶ್ರಾಂತಿ, ಐಸ್, ಬಿಗಿಯಾದ ಕಟ್ಟು, ಕಾಲು ಎತ್ತರದಲ್ಲಿಡುವುದು ಎಂಬ ನಾಲ್ಕು ಅಂಶಗಳ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಅದೇ ಮಿರ್ಕಿನ್ 2014ರಲ್ಲಿ, ಐಸ್ ಮತ್ತು ಸಂಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ನಿಧಾನಗೊಳಿಸಬಹುದು ಎಂದು ಬರೆದರು. ಪೆಟ್ಟಾದ ಜಾಗಕ್ಕೆ ರಕ್ತದ ಜೊತೆ ಬರುವ ರಕ್ಷಣಾ ಕೋಶಗಳೇ ಅಲ್ಲಿನ ಕಸ ತೆಗೆದು ರಿಪೇರಿ ಆರಂಭಿಸುವುದು, ಐಸ್ ರಕ್ತನಾಳಗಳನ್ನು ಕುಗ್ಗಿಸಿ ಅವುಗಳನ್ನು ತಡೆಯುತ್ತದೆ ಎಂಬುದು ಅವರ ವಾದ. ಈಗಿನ ಒಲವು ನಡುದಾರಿಯದು: ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಬಹುದು, ದಿನವಿಡೀ ಬೇಡ. ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟು ಮಲಗುವುದು, ಬೆರಳು ನೀಲಿಯಾಗದಷ್ಟು ಬಿಗಿಯಾಗಿ ಕ್ರೇಪ್ ಬ್ಯಾಂಡೇಜ್ ಕಟ್ಟುವುದು ಹಾಗೇ ಉಳಿದಿವೆ. ಎರಡು ಮೂರು ದಿನಗಳಾದ ಮೇಲೆ, ನೋವು ಬಿಟ್ಟಷ್ಟು ನಡೆದಾಡಲೇಬೇಕು. ಮಾತ್ರೆಗಿಂತ ಮೊದಲು ಹಚ್ಚುವ ನೋವಿನ ಜೆಲ್ ಬಳಸಿ ಎಂದು ಅಮೆರಿಕದ ಎರಡು ವೈದ್ಯ ಸಂಘಟನೆಗಳ 2020ರ ಮಾರ್ಗಸೂಚಿ ಹೇಳುತ್ತದೆ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಇನ್ನೂ ಮುಖ್ಯ.

ಮೂರನೆಯ ದಿನ ಪಾದದ ಬೆರಳುಗಳವರೆಗೆ ನೀಲಿ ಇಳಿದಿದ್ದರೆ ಹೊಸ ಪೆಟ್ಟಲ್ಲ, ರಕ್ತ ಭಾರಕ್ಕೆ ಕೆಳಗೆ ಜಾರಿದೆ ಅಷ್ಟೇ. ಅದು ಹಸಿರಾಗಿ, ಹಳದಿಯಾಗಿ ಮಾಯವಾಗುತ್ತದೆ.

ಇಲ್ಲಿಯವರೆಗಿನದನ್ನು ನನ್ನ ಗೆಳೆಯರು ಚೆನ್ನಾಗಿಯೇ ಮಾಡಿದರು. ಊರಿಗೆ ಮರಳಿ ನೋವು ಕಡಿಮೆಯಾದ ಮೇಲೆ, ಎಲ್ಲ ರೋಗಿಗಳಂತೆ ಅವರೂ ಕಾಲನ್ನು ಮರೆತರು. ಮರೆಯಬಾರದಿತ್ತು: ಲಿಗಮೆಂಟ್ ಮೂಳೆಗಳನ್ನು ಬಿಗಿದಿಡುವ ಹಗ್ಗ ಮಾತ್ರವಲ್ಲ. ಪಾದ ಈ ಕ್ಷಣ ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುವ ನರದ ತುದಿಗಳು ಅದರೊಳಗಿವೆ. ನಾವು ಕಣ್ಣು ಮುಚ್ಚಿ ನಿಂತರೂ ಬೀಳದಿರುವುದು ಇಂಥ ಸುದ್ದಿಗಳಿಂದ. ಲಿಗಮೆಂಟ್ ಹರಿದಾಗ ಈ ಸಂಪರ್ಕವೂ ಕೆಡುತ್ತದೆ.

ಈ ಸಂಪರ್ಕ ತೀವ್ರವಾಗಿ ಕೆಟ್ಟಾಗ ಏನಾಗುತ್ತದೆ ಎಂದು ಬರೆದವರು ನರರೋಗ ತಜ್ಞ ಆಲಿವರ್ ಸ್ಯಾಕ್ಸ್. 1974ರಲ್ಲಿ ನಾರ್ವೆಯ ಬೆಟ್ಟವೊಂದರಲ್ಲಿ ಒಬ್ಬರೇ ಚಾರಣ ಹೋಗಿದ್ದಾಗ ಗೂಳಿಯೊಂದನ್ನು ಕಂಡು ಹೆದರಿ ಓಡಿ, ಬಿದ್ದು ಎಡತೊಡೆಯ ದೊಡ್ಡ ಸ್ನಾಯುವನ್ನೇ ಹರಿದುಕೊಂಡರು. ಕೊಡೆಯನ್ನೇ ಪಟ್ಟಿಯಾಗಿ ಕಾಲಿಗೆ ಕಟ್ಟಿಕೊಂಡು, ಕೂತು ತೆವಳುತ್ತ ಬೆಟ್ಟ ಇಳಿದರು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಆ ಕಾಲು ತನ್ನದೇ ಅಲ್ಲ ಎನ್ನಿಸತೊಡಗಿತು, ನಡೆಯುವುದು ಹೇಗೆಂದೇ ಮರೆತಂತಾಯಿತು. ಆ ಅನುಭವ 1984ರಲ್ಲಿ 'ಎ ಲೆಗ್ ಟು ಸ್ಟ್ಯಾಂಡ್ ಆನ್' ಎಂಬ ಪುಸ್ತಕವಾಯಿತು. ಸ್ಯಾಕ್ಸ್‌ಗೆ ಆದದ್ದು ದೊಡ್ಡ ಗಾಯ. ಉಳುಕಿನಲ್ಲಿ ಆಗುವ ನಷ್ಟ ಎಷ್ಟು ಚಿಕ್ಕದೆಂದರೆ ನಮಗೆ ಗೊತ್ತೇ ಆಗುವುದಿಲ್ಲ. ಮೆಟ್ಟಿಲಿನಲ್ಲಿ, ರಸ್ತೆಯ ಗುಂಡಿಯಲ್ಲಿ ಅದೇ ಕಾಲು ಮತ್ತೆ ಉಳುಕಿದಾಗ 'ನನ್ನ ಕಾಲೇ ಹೀಗೆ' ಎನ್ನುತ್ತೇವೆ. ಇದಕ್ಕೆ ಮದ್ದು ತೀರಾ ಸರಳ: ನೋವು ಇಳಿದ ಮೇಲೆ ಹಲ್ಲುಜ್ಜುವಾಗ ಆ ಒಂದೇ ಕಾಲಿನ ಮೇಲೆ ನಿಲ್ಲುವುದು, ರೂಢಿಯಾದ ಮೇಲೆ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲುವುದು, ಆಮೇಲೆ ದಿಂಬಿನ ಮೇಲೆ. ಹೀಗೆ ಸಮತೋಲನ ಕಲಿತವರಲ್ಲಿ ಮರು ಉಳುಕು ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಖರ್ಚಿಲ್ಲದ್ದಕ್ಕೋ ಏನೋ, ಇದನ್ನು ಚಿಕಿತ್ಸೆ ಎಂದು ಯಾರೂ ನಂಬುವುದಿಲ್ಲ. ಆಟಕ್ಕೆ ಮರಳುವ ಮುನ್ನ ಆ ಕಾಲಿನಲ್ಲೇ ಕುಪ್ಪಳಿಸಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಐದಾರು ದಿನಗಳಾದರೂ ಕಾಲೂರಲು ಆಗದಿದ್ದರೆ ವೈದ್ಯರಿಗೆ ತೋರಿಸಬೇಕು, ಸ್ವತಃ ವೈದ್ಯರಾಗಿದ್ದರೆ ಇನ್ನೊಬ್ಬ ವೈದ್ಯರಿಗೆ.

ಪ್ರವಾಸದಲ್ಲಿ ಪೆಟ್ಟಾದವರಿಗೆ ಮರಳುವ ದಾರಿಯದೂ ಒಂದು ಲೆಕ್ಕವಿದೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಹೋದರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆರೋಗ್ಯವಂತರಲ್ಲಿ ಅದು ಸುಮಾರು 6,000 ಮಂದಿಗೆ ಒಬ್ಬರಷ್ಟು, ಗಾಬರಿ ಬೇಡ. ಆದರೆ ಪೆಟ್ಟಾದ ಕಾಲು ಮೊದಲೇ ಅಲುಗಾಡುವುದಿಲ್ಲ, ಪ್ಲಾಸ್ಟರ್ ಹಾಕಿದ್ದರಂತೂ ಕೇಳುವುದೇ ಬೇಡ. ಬಸ್ಸು ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕುವುದು, ಕೂತಲ್ಲೇ ಬೆರಳು ಆಡಿಸುವುದು, ನೀರು ಕುಡಿಯುವುದು ಸಾಕು. ಮೀನಖಂಡ ಊದಿ ಬಿಗಿದು ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ಉಳುಕಿನದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೊಸದಾಗಿ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಒಂದೆರಡು ದಿನ ವಿಮಾನ ಹತ್ತಿಸಲು ಅನೇಕ ವಿಮಾನಯಾನ ಕಂಪನಿಗಳು ಒಪ್ಪುವುದಿಲ್ಲ, ಒಳಗೆ ಕಾಲು ಊದಿಕೊಂಡರೆ ರಕ್ತಸಂಚಾರ ನಿಲ್ಲಬಹುದೆಂದು. ಪ್ರಯಾಣ ವಿಮೆ ಇದ್ದರೆ ಪಾಲಿಸಿಯಲ್ಲಿ ಯಾವ ಆಟಗಳನ್ನು ಬಿಟ್ಟಿದ್ದಾರೆಂದು ನೋಡಿ. ಪ್ಯಾರಾಗ್ಲೈಡಿಂಗ್, ರಾಫ್ಟಿಂಗ್‌ನಂಥ ಸಾಹಸದ ಆಟಗಳಿಗೆ ಬೇರೆಯಾಗಿ ಹಣ ಕಟ್ಟಿರದಿದ್ದರೆ ಪರಿಹಾರ ಸಿಗದಿರುವುದು ಸಾಮಾನ್ಯ.

ಇನ್ನು ಕಾರು ಓಡಿಸುವ ಮಾತು. ಉಳುಕಿದ್ದು ಬಲಗಾಲಾದರೆ ಬ್ರೇಕ್ ಒತ್ತಲಾಗದು, ಎಡಗಾಲಾದರೆ ಕ್ಲಚ್. ನೋವಿನಿಂದ ಅರ್ಧ ಸೆಕೆಂಡ್ ತಡವಾದರೂ 60 ಕಿಲೋಮೀಟರ್ ವೇಗದಲ್ಲಿ ಕಾರು ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಕರಾವಳಿಯಿಂದ ಮೇಲೆ ಬರುವವರಿಗೆ ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ ಇದ್ದೇ ಇದೆ, ಅಲ್ಲಿ ಒಂದೊಂದು ತಿರುವಿಗೂ ಎರಡೂ ಕಾಲು ಬೇಕು. ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರೆ ಊತವೂ ಅಷ್ಟು ಕಡಿಮೆ.