ಶಾಲ್ಕೆಯ ಸೋಲು

ಯೂರೋಪು ಖಂಡದ ಕಾಲ್ಚೆಂಡಿನ ಪಂದ್ಯಗಳನ್ನು ನೋಡುವುದಕ್ಕಾಗಿ ನಮ್ಮ ಊರುಗಳ ತರುಣರು ರಾತ್ರಿ ಒಂದೂವರೆ ಗಂಟೆಗೆ ಎದ್ದು ಕುಳಿತುಕೊಳ್ಳುವುದು ಈಗ ವಾಡಿಕೆಯಾಗಿದೆ. ಬಲಿಷ್ಠ ಸಂಘವೊಂದು ಸೊರಗಿದ ಸಂಘವನ್ನು ಧೂಳೀಪಟ ಮಾಡಿದ ಮರುದಿನ ಬೆಳಿಗ್ಗೆ ಅವರ ಬಾಯಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ಹಣವುಳ್ಳವನು ಗೆದ್ದ, ಇಲ್ಲದವನು ಸೋತ. ಈ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಅರ್ಧಸತ್ಯವನ್ನು ಪೂರ್ಣಸತ್ಯವೆಂದು ನಂಬಿದವನು ತನ್ನ ಮನೆಯ ದೋಷವನ್ನು ತಿದ್ದಿಕೊಳ್ಳುವ ಅವಕಾಶವನ್ನು ಕಳೆದುಕೊಳ್ಳುತ್ತಾನೆ. ಇದಕ್ಕೆ ಜರ್ಮನಿಯ ಶಾಲ್ಕೆ ಸಂಘದ ವೃತ್ತಾಂತಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ತೋರದು.

2019ನೆಯ ಮಾರ್ಚಿ 12ರಂದು, ಚಾಂಪಿಯನ್ಸ್ ಲೀಗಿನಲ್ಲಿ ಹದಿನಾರು ಸಂಘಗಳು ಉಳಿದಿದ್ದ ಸುತ್ತಿನ ಎರಡನೆಯ ಪಂದ್ಯದಲ್ಲಿ, ಶಾಲ್ಕೆಯು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯ ಕೈಯಲ್ಲಿ 7–0 ಗೋಲುಗಳಿಂದ ಸೋತಿತು. ಅದಕ್ಕೆ ಮೂರು ವಾರ ಹಿಂದೆ ಸ್ವಂತ ಅಂಗಣದಲ್ಲಿ ನಡೆದ ಮೊದಲನೆಯ ಪಂದ್ಯದಲ್ಲಿ 84 ನಿಮಿಷಗಳು ಕಳೆದರೂ ಶಾಲ್ಕೆಯೇ 2–1ರಿಂದ ಮುಂದಿತ್ತು. ಎದುರಾಳಿಗಳಲ್ಲಿ ಒಬ್ಬನನ್ನು ರೆಫರಿಯು ಹೊರಗಟ್ಟಿದ್ದನು. ಹನ್ನೊಂದು ಮಂದಿಯ ಎದುರು ಹತ್ತು ಮಂದಿಯಿಂದ ಆಡುತ್ತಿದ್ದ ಸಿಟಿಗೆ ಸರಿಸಮದ ಗೋಲನ್ನು ತಂದುಕೊಟ್ಟವನು ಲೀರಾಯ್ ಸಾನೆ. ಈತನು ಶಾಲ್ಕೆಯ ಗರಡಿಯಲ್ಲಿಯೇ ಪಳಗಿ, 2016ರಲ್ಲಿ ಸಿಟಿಗೆ ಮಾರಲ್ಪಟ್ಟವನು! ಕೊನೆಯ ಗಳಿಗೆಯಲ್ಲಿ ಸ್ಟರ್ಲಿಂಗನು ಮತ್ತೊಂದು ಗೋಲು ಹೊಡೆದು ಪಂದ್ಯವನ್ನು 3–2ರಿಂದ ಕಸಿದುಕೊಂಡನು. ತಾನು ಸಾಕಿದ ಮಗನ ಕೈಯಿಂದಲೇ ಶಾಲ್ಕೆಗೆ ಪೆಟ್ಟು ಬಿದ್ದಿತ್ತು. ಮ್ಯಾಂಚೆಸ್ಟರಿನ ಏಳು ಗೋಲುಗಳಲ್ಲಿಯೂ ಒಂದು ಅವನದೇ.

ಶಾಲ್ಕೆಯ ಮೇಲೆ ಯಾರಿಗಾದರೂ ಮರುಕ ಹುಟ್ಟುವುದು ಸಹಜವೇ. 1904ರಲ್ಲಿ ಸ್ಥಾಪಿತವಾದ ಈ ಸಂಘವು ಗೆಲ್ಸೆನ್‌ಕಿರ್ಷೆನ್ ಎಂಬ ಕಲ್ಲಿದ್ದಲಿನ ಊರಿನದು. ಗಣಿಗಳ ಕೂಲಿಕಾರರೇ ಅದನ್ನು ಬೆಳೆಸಿದರು. ಆಟಗಾರರು ಅಂಗಣಕ್ಕೆ ಬರುವ ದಾರಿಯನ್ನು ಇಂದಿಗೂ ಗಣಿಯ ಸುರಂಗದಂತೆ ರಚಿಸಿಟ್ಟಿದ್ದಾರೆ. ಏಳು ಸಲ ಜರ್ಮನಿಯ ಚಾಂಪಿಯನ್ ಆದ, 1997ರಲ್ಲಿ ಮಿಲಾನಿನ ಇಂಟರ್ ಸಂಘವನ್ನು ಸೋಲಿಸಿ ಯೂಎಫಾ ಕಪ್ಪನ್ನು ತಂದ ಕೀರ್ತಿ ಅದಕ್ಕುಂಟು. ಅದಕ್ಕೆ ಒಡೆಯನೆಂಬವನಿಲ್ಲ, ಲಕ್ಷಕ್ಕೂ ಮಿಕ್ಕಿದ ಸದಸ್ಯರೇ ಒಡೆಯರು. ನೆರೆಯ ಬಾಟ್ರಾಪಿನಲ್ಲಿದ್ದ, ಜರ್ಮನಿಯ ಕಟ್ಟಕಡೆಯ ಕಲ್ಲಿದ್ದಲ ಗಣಿಯು 2018ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಮ್ಯಾಂಚೆಸ್ಟರಿನ ಸೋಲು ಬಂದುದು ಅದಾದ ಮೂರು ತಿಂಗಳೊಳಗೆ. ಸಿಟಿಯೋ ಎಂದರೆ, 2008ರಿಂದ ಅಬುಧಾಬಿಯ ರಾಜಮನೆತನದವರೊಬ್ಬರ ಸಂಪತ್ತಿನ ನೆರಳಲ್ಲಿ ಬೆಳೆದ ಸಂಘ. ಗಣಿ ಕಾರ್ಮಿಕನನ್ನು ಎಣ್ಣೆಯ ದೊರೆ ಸೋಲಿಸಿದನೆಂದು ಹೇಳಿ ಮುಗಿಸಿದರೆ ಕಥೆ ಸೊಗಸಾಗಿ ನಿಲ್ಲುತ್ತದೆ.

ಆದರೆ ಲೆಕ್ಕದ ಪುಸ್ತಕವನ್ನು ತೆರೆದರೆ ಈ ಕಥೆ ನಿಲ್ಲುವುದಿಲ್ಲ. ಶಾಲ್ಕೆಯು ಬಡ ಸಂಘವಾಗಿರಲಿಲ್ಲ. ಅರುವತ್ತು ಸಾವಿರಕ್ಕೂ ಮಿಕ್ಕಿ ಜನ ಹಿಡಿಯುವ ಅಂಗಣ ಅದಕ್ಕಿತ್ತು. ರಷ್ಯಾ ದೇಶದ ಅನಿಲ ಕಂಪನಿಯಾದ ಗ್ಯಾಜ್‌ಪ್ರಾಮ್ 2007ರಿಂದ ಧನಸಹಾಯ ನೀಡುತ್ತಲಿತ್ತು. ಸೋಲಿನ ಹಿಂದಿನ ವರ್ಷ ಅದು ಜರ್ಮನ್ ಲೀಗಿನಲ್ಲಿ ಎರಡನೆಯ ಸ್ಥಾನದಲ್ಲಿ ನಿಂತಿತ್ತು. ಇಷ್ಟಿದ್ದೂ 2016ರಲ್ಲಿ ಮ್ಯಾಟಿಪ್, 2017ರಲ್ಲಿ ಕೊಲಾಸಿನಾಚ್, 2018ರಲ್ಲಿ ಗೊರೆಟ್ಸ್ಕ ಮತ್ತು ಮಾಯರ್ ಇವರೆಲ್ಲರೂ ಕರಾರಿನ ಅವಧಿ ತೀರಿದ ಮೇಲೆ ಸಂಘಕ್ಕೆ ಬಿಡಿಕಾಸೂ ದೊರೆಯದಂತೆ ಬೇರೆ ಸಂಘಗಳಿಗೆ ಹೊರಟುಹೋದರು. ಫಲಕ್ಕೆ ಬಂದ ತೋಟವನ್ನು ಬೇಲಿಯಿಲ್ಲದೆ ಬಿಟ್ಟವನು ಕಳ್ಳನನ್ನು ದೂರಿ ಏನು ಫಲ? ಆ ಕರಾರುಗಳನ್ನು ಸಕಾಲದಲ್ಲಿ ಮುಂದುವರಿಸದಿದ್ದುದಕ್ಕೆ ಅಬುಧಾಬಿಯು ಹೊಣೆಯಲ್ಲ.

ಮುಂದಿನ ವೃತ್ತಾಂತವು ಇದನ್ನೇ ದೃಢಪಡಿಸುತ್ತದೆ. ಏಳು ಗೋಲುಗಳ ಸೋಲಾಗಿ ಎರಡೇ ದಿನಗಳಲ್ಲಿ ತರಬೇತುಗಾರ ಟೆಡೆಸ್ಕೋವನ್ನು ತೆಗೆದುಹಾಕಿ, 1997ರ ವಿಜಯದ ಮುದುಕ ಸ್ಟೀವೆನ್ಸರನ್ನು ಕರೆತಂದರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಆ ವರ್ಷ ಸಂಘವು 14ನೆಯ ಸ್ಥಾನಕ್ಕೆ ಇಳಿಯಿತು. 2019ರ ಕೊನೆಗೆ ಸಾಲವು ಸುಮಾರು 20 ಕೋಟಿ ಯೂರೋಗಳಿಗೆ ಏರಿತ್ತು. 2020ರಲ್ಲಿ ಸಾಂಕ್ರಾಮಿಕವು ಅಂಗಣಗಳನ್ನು ಬರಿದುಮಾಡಿದಾಗ ಸಾಲದ ಮೇಲೆ ನಿಂತಿದ್ದ ಮನೆ ಅಲುಗಿತು. 2020ರ ಜನವರಿಯಿಂದ ಒಂದು ವರ್ಷಕಾಲ, ಸತತವಾಗಿ 30 ಲೀಗ್ ಪಂದ್ಯಗಳಲ್ಲಿ ಶಾಲ್ಕೆಗೆ ಗೆಲುವೆಂಬುದೇ ಇರಲಿಲ್ಲ. 2020–21ರ ಒಂದೇ ಋತುವಿನಲ್ಲಿ ಐವರು ತರಬೇತುಗಾರರು ಬಂದುಹೋದರು. ಗಳಿಸಿದ ಅಂಕಗಳು 16 ಮಾತ್ರ. ಸಂಘವು ಎರಡನೆಯ ದರ್ಜೆಗೆ ಬಿದ್ದಿತು. 2022ರಲ್ಲಿ ಮೇಲೆದ್ದು, 2023ರಲ್ಲಿ ಪುನಃ ಬಿದ್ದಿತು. ರಷ್ಯಾವು ಯುಕ್ರೇನಿನ ಮೇಲೆ ದಂಡೆತ್ತಿಹೋದಾಗ, 2022ರ ಫೆಬ್ರವರಿಯಲ್ಲಿ, ಆ ಅನಿಲ ಕಂಪನಿಯ ಹೆಸರನ್ನೂ ಅಂಗಿಗಳ ಮೇಲಿನಿಂದ ಅಳಿಸಬೇಕಾಯಿತು. ಒಬ್ಬನೇ ದಾನಿಯ ಮೇಲೆ ಬಹುವಾಗಿ ಆತುಕೊಳ್ಳುವವನು ಆ ದಾನಿಯ ಪಾಪದಲ್ಲಿಯೂ ಪಾಲುಗಾರನಾಗಬೇಕಾಗುತ್ತದೆ.

ಹೀಗಿರಲಾಗಿ, ಸದಸ್ಯರ ಒಡೆತನವೇ ರೋಗದ ಮೂಲ, ಸಂಘವನ್ನು ಕಂಪನಿಯಾಗಿ ಮಾರ್ಪಡಿಸಿ ಹೊರಗಿನ ಬಂಡವಾಳವನ್ನು ಒಳಕ್ಕೆ ಬಿಡಬೇಕು ಎಂಬ ವಾದವೊಂದು ಎದ್ದಿತು. ಇದನ್ನು ನಾವು ಒಪ್ಪಲಾರೆವು. ಅದೇ ಜರ್ಮನಿಯಲ್ಲಿ ಫ್ರೈಬುರ್ಗ್ ಎಂಬ ಸಂಘವುಂಟು. ಅದೂ ಸದಸ್ಯರದೇ, ಆ ವರ್ಷಗಳಲ್ಲಿ ಅದರ ಆದಾಯ ಶಾಲ್ಕೆಯದಕ್ಕಿಂತ ಬಹಳ ಕಡಮೆ. 2015ರಲ್ಲಿ ಅದೂ ಕೆಳದರ್ಜೆಗೆ ಬಿದ್ದಿತು. ಆದರೆ ಅವರು ತರಬೇತುಗಾರ ಸ್ಟ್ರೈಕನ್ನು ಓಡಿಸಲಿಲ್ಲ. ಆತನು 2011ರ ಡಿಸೆಂಬರಿನಿಂದ 2024ರವರೆಗೆ ಅಲ್ಲಿಯೇ ಇದ್ದನು. ಸಂಘವು ಮರುವರ್ಷವೇ ಮೇಲಕ್ಕೆ ಬಂದಿತು. 2022ರಲ್ಲಿ ಜರ್ಮನ್ ಕಪ್ಪಿನ ಅಂತಿಮ ಪಂದ್ಯವನ್ನಾಡಿತು. ಮರು ಋತುವಿನಲ್ಲಿ ಯೂರೋಪಿನ ಕಣಕ್ಕೂ ಇಳಿಯಿತು. ಎರಡು ಸಂಘಗಳ ಒಡೆತನ ಒಂದೇ ಬಗೆಯದು. ವ್ಯತ್ಯಾಸವಿದ್ದುದು ಹಾಸಿಗೆ ನೋಡಿ ಕಾಲು ಚಾಚಿದುದರಲ್ಲಿ.

ಹಣದ ಬಲವು ಸುಳ್ಳೆಂದು ನಮ್ಮ ಅಭಿಪ್ರಾಯವಲ್ಲ. ಮ್ಯಾಂಚೆಸ್ಟರಿನ ಆ ರಾತ್ರಿ ಫ್ರೈಬುರ್ಗ್ ಆಡಿದ್ದರೂ ಸೋಲುತ್ತಿದ್ದಿರಬಹುದು. ಆದರೆ ಅದೇ ಸಿಟಿಯು ಮರುತಿಂಗಳಲ್ಲಿ ಟಾಟನ್‌ಹ್ಯಾಮ್ ಸಂಘದಿಂದ ಸೋತು ಆ ಪಂದ್ಯಾವಳಿಯಿಂದ ಹೊರಬಿದ್ದಿತೆಂಬುದನ್ನು ಮರೆಯಬಾರದು. ಬಲಿಷ್ಠನೆದುರು ಒಂದು ರಾತ್ರಿ ಸೋಲುವುದು ದುರ್ಬಲನಿಗೆ ಅಪಮಾನವಲ್ಲ. ಆ ಸೋಲಿನ ನೆಪದಲ್ಲಿ ಸ್ವಂತ ಮನೆಯ ಲೆಕ್ಕವನ್ನು ಮುಚ್ಚಿಡುವುದೇ ಅಪಮಾನ. ಶಾಲ್ಕೆಯ ಸದಸ್ಯರಿಗೆ ಮತಾಧಿಕಾರವಿದೆ. ಆಡಳಿತ ಮಂಡಲಿಯವರಿಂದ ಲೆಕ್ಕ ಕೇಳುವ ಹಕ್ಕಿದೆ. ಆ ಹಕ್ಕನ್ನು ವರ್ಷಕ್ಕೊಮ್ಮೆ ಚಪ್ಪಾಳೆ ತಟ್ಟಿ ಮುಗಿಸದೆ ಎಚ್ಚರದಿಂದ ಚಲಾಯಿಸಿದರೆ, ಗಣಿಗಳು ಮುಚ್ಚಿದ ಊರಿನಲ್ಲಿ ಜನರ ಕೈಯಲ್ಲಿ ಉಳಿದಿರುವ ಈ ಒಂದು ಆಸ್ತಿಯಾದರೂ ಉಳಿದೀತು. ಮಾರಿಬಿಟ್ಟರೆ ಅದನ್ನು ಮರಳಿ ಕೊಳ್ಳುವ ಶಕ್ತಿ ಆ ಊರಿಗೆ ಬಾರದು.